ಊರಿನ ಪೌರಾಣಿಕ ನಾಟಕ ಲೈವ್ ಮಾಡಬೇಕು: ಕ್ಯಾಮೆರಾ, ಲೈಟು, ಸೌಂಡು ಹೇಗೆ ಹೊಂದಿಸೋದು?

ತೆಂಗಿನತೋಟ, ಅರಸೀಕೆರೆ:

ಎಲ್ಲರಿಗೂ ನಮಸ್ಕಾರ. ಅರಸೀಕೆರೆ ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ಜಾತ್ರೆ ಮುಗಿದ ಮಾರನೇ ದಿನ ದೇವಸ್ಥಾನದ ಮುಂದೆ ಪೌರಾಣಿಕ ನಾಟಕ ಆಡುತ್ತೇವೆ. ಪಾತ್ರ ಮಾಡೋರೆಲ್ಲ ಊರಿನವರೇ. ಭೀಮ ಬಸ್ ಡ್ರೈವರ್, ಶಕುನಿ ಡೈರಿ ಕಾರ್ಯದರ್ಶಿ, ಕೃಷ್ಣ ಪ್ರೈಮರಿ ಸ್ಕೂಲ್ ಮೇಷ್ಟ್ರು. ದುರ್ಯೋಧನ ನಮ್ಮ ಚಿಕ್ಕಪ್ಪ, ಅವರಿಗೀಗ 61 ವರ್ಷ. ಕೈಯಿಂದ ದುಡ್ಡು ಹಾಕಿ, ಮೂರು ತಿಂಗಳು ರಾತ್ರಿ ಪ್ರಾಕ್ಟೀಸ್ ಮಾಡಿ ಆಡುತ್ತಾರೆ.

ಊರಿನ ಅರ್ಧ ಜನ ಈಗ ಬೆಂಗಳೂರು, ಪುಣೆ, ಗಲ್ಫ್ ಅಂತ ಹೊರಗಿದ್ದಾರೆ. ಹೋದ ವರ್ಷ ಅವರಿಗಾಗಿ ಒಂದು ಫೋನನ್ನು ಶಾಮಿಯಾನದ ಕಂಬಕ್ಕೆ ಕಟ್ಟಿ ಯೂಟ್ಯೂಬ್‌ನಲ್ಲಿ ಲೈವ್ ಬಿಟ್ಟೆವು. ಕಂಬದ ಪಕ್ಕದಲ್ಲೇ ಸೌಂಡ್ ಬಾಕ್ಸ್ ಇತ್ತು. ಮಸ್ಕತ್‌ನಲ್ಲಿರುವ ಅಕ್ಕ, ಅಂದರೆ ಚಿಕ್ಕಪ್ಪನ ಮಗಳು, ಮಾರನೇ ದಿನ ಫೋನ್ ಮಾಡಿ, "ಬರೀ ಗುಂಯ್ ಅಂತ ಕೇಳಿಸ್ತು ಕಣೋ. ಅಪ್ಪ ಬಾಯಿ ಆಡಿಸ್ತಿದ್ದದ್ದು ಕಾಣಿಸ್ತು ಅಷ್ಟೇ" ಅಂದರು. ಆ ಮಾತು ಇನ್ನೂ ಮನಸ್ಸಿನಲ್ಲಿ ಕೊರೀತಿದೆ.

ಈ ಸಲ ಸರಿಯಾಗಿ ಮಾಡಬೇಕು. ಸ್ನೇಹಿತನ ಹತ್ತಿರ ಮದುವೆ ಶೂಟ್ ಮಾಡುವ ಎರಡು ಮಿರರ್‌ಲೆಸ್ ಕ್ಯಾಮೆರಾ ಇವೆ. ಒಂದು ಹಳೇ ಹ್ಯಾಂಡಿಕ್ಯಾಮ್ ಇದೆ. ಲ್ಯಾಪ್‌ಟಾಪ್ ಇದೆ. 40,000 ರೂಪಾಯಿ ಕೂಡಿಸಿದ್ದೇವೆ. ಸ್ಟೇಜ್ 28 ಅಡಿ ಅಗಲ. ಪರದೆ, ಸೀನರಿ ಬಾಡಿಗೆಗೆ ಕೊಡುವ ಡ್ರಾಮಾ ಸೀನ್ಸ್‌ನವರೇ ಸೌಂಡು, ಲೈಟು ತರುತ್ತಾರೆ. ಇನ್ನೂ ಎರಡು ಕ್ಯಾಮೆರಾ ಬಾಡಿಗೆಗೆ ತರಬೇಕಾ? ದುಡ್ಡು ಎಲ್ಲಿ ಹಾಕಲಿ?

ಮಿಕ್ಸರ್ ಮುಂದೆ, ಹಾಸನ:

ಅಣ್ಣ, ಕ್ಯಾಮೆರಾ ಆಮೇಲೆ ನೋಡೋಣ. ಮೊದಲು ಸೌಂಡ್. ಚಿತ್ರ ಹತ್ತು ಸೆಕೆಂಡು ನಿಂತರೂ ಮನೆಯಲ್ಲಿ ಕೂತವರು ಕಾಯುತ್ತಾರೆ. ಪದ್ಯದ ನಡುವೆ ದನಿ ಕಿತ್ತುಹೋದರೆ ಫೋನ್ ಕೆಳಗಿಡುತ್ತಾರೆ.

ಹೋದ ವರ್ಷ ನಿಮ್ಮ ಫೋನ್ ಕೇಳಿಸಿಕೊಂಡಿದ್ದು ಬಾಕ್ಸನ್ನ. ಪಾತ್ರಧಾರಿಯ ದನಿ ಅದಕ್ಕೆ ಸಿಗಲೇ ಇಲ್ಲ. ಅಷ್ಟು ಹತ್ತಿರದಲ್ಲಿ ಫೋನಿನ ಪುಟ್ಟ ಮೈಕ್ ತಡೆಯೋದಿಲ್ಲ, ಒಡೆದುಹೋಗುತ್ತೆ. ಅದಕ್ಕೇ ಆ ಗುಂಯ್.

ಸೀನ್ಸ್‌ನವರ ಮಿಕ್ಸರ್‌ನಲ್ಲಿ ಒಂದು ಆಕ್ಸ್ ಔಟ್, ಅಂದರೆ ಬೇರೆಯಾಗಿ ಮಿಕ್ಸ್ ಹೊಂದಿಸಬಹುದಾದ ಇನ್ನೊಂದು ಔಟ್, ಖಾಲಿ ಇದೆಯಾ ಅಂತ ಈಗಲೇ ಕೇಳಿ. ಲೈವ್‌ಗೆ ಅದೇ ಬೇಕು. ಬಾಕ್ಸ್‌ಗೆ ಹೋಗುವ ಮೇನ್ ಔಟ್ ತೆಗೆದುಕೊಳ್ಳಬೇಡಿ. ಯಾಕೆ ಅಂದರೆ ಮೈದಾನಕ್ಕೆ ಬೇಕಾದ ಸೌಂಡೇ ಬೇರೆ, ಮನೆಗೆ ಬೇಕಾದ ಸೌಂಡೇ ಬೇರೆ. ಹಾರ್ಮೋನಿಯಂ, ತಬಲ ಸ್ಟೇಜ್ ಮುಂದೆ ಕೂತವರಿಗೆ ಹಾಗೇ ಕೇಳಿಸುತ್ತವೆ. ಹಾಗಾಗಿ ಆಪರೇಟರ್ ಅವನ್ನು ಬಾಕ್ಸ್‌ಗೆ ಕಡಿಮೆ ಕೊಡುತ್ತಾನೆ. ಅದೇ ಮಿಕ್ಸ್ ಲೈವ್‌ಗೆ ಹೋದರೆ ಪದ್ಯದ ಹಿಂದೆ ಶ್ರುತಿಯೇ ಇರೋದಿಲ್ಲ. ಆಕ್ಸ್ ಪ್ರೀ ಫೇಡರ್ ಇರಲಿ, ಅಂದರೆ ದನಿ ಏರಿಸಿ ಇಳಿಸುವ ಫೇಡರ್‌ಗಿಂತ ಮೊದಲೇ ಸೌಂಡ್ ತೆಗೆದುಕೊಳ್ಳಲಿ. ಮೈಕ್ ಕೂಗಿತು ಅಂತ ಆಪರೇಟರ್ ಫೇಡರ್ ಇಳಿಸಿದರೂ ನಿಮ್ಮ ಮಿಕ್ಸ್ ಅಲುಗಾಡಬಾರದು.

ಆಮೇಲೆ ಲೆವೆಲ್. ಮೀಟರ್‌ನಲ್ಲಿ ಮಾತು ಮೈನಸ್ 12 ಡಿಬಿ ಆಸುಪಾಸಿನಲ್ಲಿ ಆಡಲಿ, ದುರ್ಯೋಧನನ ಘರ್ಜನೆ ಮೈನಸ್ 6 ದಾಟದಿರಲಿ. ಪ್ರಾಕ್ಟೀಸ್‌ನಲ್ಲಿ ಯಾರೂ ಪೂರ್ತಿ ದನಿ ತೆಗೆಯೋದಿಲ್ಲ. ಬಣ್ಣ ಹಚ್ಚಿ ಕಿರೀಟ ಇಟ್ಟ ಮೇಲೆ ದನಿ ತಾನಾಗೇ ಏರುತ್ತೆ. ಅದಕ್ಕೆ ಜಾಗ ಬಿಟ್ಟಿರಬೇಕು. ಸ್ಟೇಜ್ ಮೈಕ್‌ಗಳಿಗೆಲ್ಲ ದಪ್ಪ ಸದ್ದು ಕತ್ತರಿಸುವ ಲೋ ಕಟ್ ಹಾಕಿಸಿ, 100 ಹರ್ಟ್ಜ್ ಹತ್ತಿರ. ಇಲ್ಲದಿದ್ದರೆ ಭೀಮ ಗದೆ ಊರಿದಾಗಲೆಲ್ಲ ಹಲಗೆ ಧಡ್ ಅಂತ ಪದ್ಯವನ್ನು ನುಂಗುತ್ತೆ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಜನರ ಕಡೆ ತಿರುಗಿಸಿದ ಒಂದು ಮೈಕ್ ಬೇಕು. ಚಪ್ಪಾಳೆ, ಶಿಳ್ಳೆ, "ಒನ್ಸ್ ಮೋರ್" ಇಲ್ಲದ ನಾಟಕ ಸತ್ತ ಹಾಗಿರುತ್ತೆ. ಆ ಮೈಕನ್ನು ಸೀನ್ಸ್‌ನವರ ಮಿಕ್ಸರ್‌ಗೆ ಕೊಡಬೇಡಿ. ಒಳಗೆ ಬ್ಯಾಟರಿ ಇರುವ ಮೈಕ್ ತಂದು ನೇರ ನಿಮ್ಮ ಸ್ವಿಚರ್‌ಗೆ, ಅಂದರೆ ಕ್ಯಾಮೆರಾ ಬದಲಿಸುವ ಪೆಟ್ಟಿಗೆಗೆ, ಚುಚ್ಚಿ. ಅವರ ಕಡೆ ಏನಾದರೂ ಕೈಕೊಟ್ಟರೂ ನಿಮ್ಮ ಹತ್ತಿರ ಒಂದು ಕಿವಿ ಉಳಿದಿರುತ್ತೆ.

ತೆಂಗಿನತೋಟ, ಅರಸೀಕೆರೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣ. ಸೀನ್ಸ್‌ನವರು ಮುಂದೆ ಮೂರು ಸ್ಟ್ಯಾಂಡ್ ಮೈಕ್ ಇಡುತ್ತಾರೆ, ಮೇಲಿಂದ ಎರಡು ಇಳಿಬಿಡುತ್ತಾರೆ. ಮುಖ್ಯ ಪಾತ್ರಗಳಿಗೆ ಕಾಲರ್ ಮೈಕ್ ಬಾಡಿಗೆಗೆ ತರಲಾ?

ಕಪ್ಪುಬಿಳಿ ಮನೆ, ಹೊಳೆನರಸೀಪುರ ಕಡೆ:

ನಾನು ಹಾರ್ಮೋನಿಯಂ ನುಡಿಸುವವನು. ನಾಟಕ ಕಲಿಸುತ್ತೇನೆ. ಕಾಲರ್ ಮೈಕ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ.

ಕವಚದ ಮೇಲೆ ಸಿಕ್ಕಿಸಿದರೆ ಕೆಟ್ಟಿತು ಅಂತಲೇ ಲೆಕ್ಕ. ಎದೆ ಮೇಲೆ ಮಣಿಹಾರ, ಭುಜಕೀರ್ತಿ, ತಗಡಿನ ಪದಕ ಎಲ್ಲ ಇರುತ್ತೆ. ಪಾತ್ರ ಉಸಿರು ಎಳೆದರೂ ಸಾಕು, ಚರಕ್ ಚರಕ್ ಅನ್ನುತ್ತೆ. ತರೋದೇ ಆದರೆ ಹಣೆಯ ಹತ್ತಿರ, ಕಿರೀಟದ ಅಂಚಿನ ಕೆಳಗೆ ಮೈಕಿನ ತುದಿ ಬರುವ ಹಾಗೆ ಅಂಟಿಸಿ. ವೈರನ್ನು ಕಿವಿಯ ಹಿಂದಿನಿಂದ ಬೆನ್ನಿಗೆ ಇಳಿಸಿ. ಬಣ್ಣ ಹಚ್ಚುವ ಮೊದಲೇ ಬೆವರು ಒರೆಸಿ ಟೇಪ್ ಹಾಕಬೇಕು. ಬಣ್ಣದ ಮೇಲೆ ಯಾವ ಟೇಪೂ ನಿಲ್ಲೋದಿಲ್ಲ.

ನಮ್ಮ ಪಾತ್ರಧಾರಿಗಳಿಗೆ ಪದ್ಯ ಬಂದಾಗ ಮುಂದಿನ ಮೈಕಿಗೆ ನಡೆದು ಬರೋದು ರೂಢಿ. ಹಾಗಾಗಿ ಸ್ಟ್ಯಾಂಡ್ ಮೈಕೇ ಸಾಕಾಗುತ್ತೆ. ಆ ದುಡ್ಡಿನಲ್ಲಿ ಹಾರ್ಮೋನಿಯಂಗೆ ಒಂದು, ತಬಲಕ್ಕೆ ಒಂದು ಒಳ್ಳೇ ಮೈಕ್ ಇಡಿಸಿ. ಹಾರ್ಮೋನಿಯಂ ಮೈಕನ್ನು ತಿದಿಯ ಕಡೆ ಇಡಬೇಡಿ, ಗಾಳಿ ಹೊಡೆಯುತ್ತೆ. ಮನೆಗಳ, ಅಂದರೆ ಕಪ್ಪುಬಿಳಿ ಕೀಗಳ ಮೇಲೆ ಒಂದು ಗೇಣು ಎತ್ತರದಲ್ಲಿ ಇರಲಿ. ಕ್ಯಾಷಿಯೋ, ರಿದಂ ಪ್ಯಾಡ್ ಇದ್ದರೆ ಅವಕ್ಕೆ ಮೈಕ್ ಬೇಡ, ನೇರ ಲೈನ್ ಕೊಡಿ.

ನಾಟಕ ಗೊತ್ತಿಲ್ಲದ ಹುಡುಗರು ಲೈವ್ ಮಾಡಿದಾಗ ಒಂದು ನೋವು ನೋಡಿದ್ದೇನೆ. ನಾನು ಶ್ರುತಿ ಹಿಡಿದು, ಪದ್ಯ ಶುರು ಮಾಡೋಕೆ ಪಾತ್ರಕ್ಕೆ ಎತ್ತುಗಡೆ ಕೊಡುತ್ತೇನೆ. ಆ ಹೊತ್ತಿಗೆ ಕ್ಯಾಮೆರಾ ಇನ್ನೂ ಹಿಂದಿನ ಪಾತ್ರದ ಮೇಲೇ ಇರುತ್ತೆ. ಪದ್ಯದ ಮೊದಲ ಸಾಲು, ಅದೂ ಆ ಪಾತ್ರಧಾರಿ ಮೂರು ತಿಂಗಳು ತಿದ್ದಿ ತೀಡಿದ ಸಾಲು, ಕಾಣದೇ ಹೋಗುತ್ತೆ. ನಾಟಕದ ಪುಸ್ತಕ ಕೈಯಲ್ಲಿ ಹಿಡಿದ ಒಬ್ಬರನ್ನು ಸ್ವಿಚರ್ ಪಕ್ಕ ಕೂರಿಸಿ. "ಈಗ ಕರ್ಣನ ಪದ್ಯ" ಅಂತ ಮೊದಲೇ ಹೇಳಲಿ.

ಕ್ಯಾಮೆರಾ ಕಣ್ಣು, ಕಡೂರು:

ಮೇಷ್ಟ್ರ ಮಾತಿಗೆ ಕೈ ಮುಗಿಯುತ್ತೇನೆ. ಪುಸ್ತಕ ಹಿಡಿದವರು ಒಬ್ಬರಿದ್ದರೆ ಎರಡು ಕ್ಯಾಮೆರಾ ನಾಲ್ಕರ ಕೆಲಸ ಮಾಡುತ್ತವೆ.

ನಿಮ್ಮ ಹತ್ತಿರ ಇರುವ ಮೂರೇ ಸಾಕು. ಒಂದನ್ನು ಸ್ಟೇಜ್‌ಗೆ ನೇರ ಎದುರಿಗೆ, 12 ಮೀಟರ್ ದೂರದಲ್ಲಿ ಇಡಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಹಾಕಿದರೆ ಆ ದೂರದಿಂದ ಸುಮಾರು 8.6 ಮೀಟರ್ ಅಗಲ ಸಿಗುತ್ತೆ. ನಿಮ್ಮ 28 ಅಡಿ ಅಂದರೆ 8.5 ಮೀಟರ್, ಸರಿಯಾಗಿ ಕೂರುತ್ತೆ. ಇದನ್ನು ಅಲ್ಲಾಡಿಸಲೇಬೇಡಿ. ಬಂಧುಗಳು ಹಾರ ಹಾಕೋಕೆ, ನೋಟು ಕೊಡೋಕೆ ಸ್ಟೇಜ್ ಹತ್ತುತ್ತಾರಲ್ಲ, ಆಗೆಲ್ಲ ಇದೇ ಕಾಪಾಡೋದು.

ಎರಡನೇದು ಅದರ ಪಕ್ಕದಲ್ಲೇ, 70-200 ಲೆನ್ಸ್ ಜೊತೆ. 200ಕ್ಕೆ ಎಳೆದರೆ ಅಗಲ 2 ಮೀಟರ್ ಚಿಲ್ಲರೆ. ಒಬ್ಬ ಪಾತ್ರಧಾರಿ ಕೈ ಬೀಸಿದರೂ ಚೌಕಟ್ಟಿನೊಳಗೇ ಇರುತ್ತಾನೆ. ಇದಕ್ಕೆ ನಿಮ್ಮಲ್ಲಿ ಅತಿ ಒಳ್ಳೇ ಕೈ ಇರುವವರನ್ನು ನಿಲ್ಲಿಸಿ. ಹ್ಯಾಂಡಿಕ್ಯಾಮನ್ನು ಹಾರ್ಮೋನಿಯಂ ಎದುರಿನ ಮೂಲೆಯಲ್ಲಿಡಿ. ಮೇಷ್ಟ್ರು, ತಬಲ, ಸೈಡ್ ವಿಂಗ್‌ನಿಂದ ಬರುವ ಪಾತ್ರ, ಮೂರೂ ಅದರಲ್ಲಿ ಸಿಗುತ್ತವೆ.

ಕ್ಯಾಮೆರಾಗೆ ಅಟ್ಟಣಿಗೆ ಬೇಕು. ಸಿಮೆಂಟ್ ಇಟ್ಟಿಗೆ ಮೇಲೆ ಹಲಗೆ ಹಾಕಿ 4 ಅಡಿ ಎತ್ತರ ಮಾಡಿ. ಜನ ಎದ್ದು ನಿಂತರೂ ಅಡ್ಡ ಬರಬಾರದು. ಅದರ ಮೇಲೆ ಬೇರೆ ಯಾರನ್ನೂ ಹತ್ತಿಸಬೇಡಿ. ಒಂದು ಮಗು ಕುಣಿದರೂ 200 ಎಂಎಂನಲ್ಲಿ ಭೂಕಂಪ ಆದ ಹಾಗೆ ಕಾಣುತ್ತೆ.

ಸೆಟ್ಟಿಂಗ್ ಹೇಳುತ್ತೇನೆ. ನಮ್ಮ ಕರೆಂಟ್ 50 ಹರ್ಟ್ಜ್. ಹಾಗಾಗಿ ಮೂರೂ ಕ್ಯಾಮೆರಾ 25 ಫ್ರೇಮ್, ಶಟರ್ 1/50. 30 ಫ್ರೇಮ್, 1/60 ಅಂತ ಇಟ್ಟರೆ ಲೈಟ್ ಮಿಣಮಿಣ ಅನ್ನುತ್ತೆ. ಸೀರಿಯಲ್ ಸೆಟ್ ಹಾಕಿದ ಸ್ವಾಗತ ಕಮಾನಂತೂ ನೋಡೋಕಾಗೋದಿಲ್ಲ. ಆಟೋ ಪವರ್ ಆಫ್ ತೆಗೆಯಿರಿ. ಸ್ವಿಚರ್‌ಗೆ ಹೋಗುವ ಎಚ್‌ಡಿಎಂಐ ಔಟ್‌ನಲ್ಲಿ ಬ್ಯಾಟರಿ ಗುರುತು, ಫೋಕಸ್ ಚೌಕ ಬರದ ಹಾಗೆ ಕ್ಲೀನ್ ಮಾಡಿ. ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟಿದರೆ ನಂಬಬೇಡಿ. ಮೂಲೆಯ ಹ್ಯಾಂಡಿಕ್ಯಾಮ್‌ಗೆ ಚಿತ್ರವನ್ನು ದೂರಕ್ಕೆ ಒಯ್ಯುವ ಎಸ್‌ಡಿಐ ಕನ್ವರ್ಟರ್ ಬಾಡಿಗೆಗೆ ತನ್ನಿ, 75 ಓಮ್ ಕೇಬಲ್‌ನಲ್ಲಿ 40-50 ಮೀಟರ್ ಆರಾಮಾಗಿ ಬರುತ್ತೆ. ಸ್ವಿಚರ್ ಬಾಡಿಗೆಗೆ ಎಟೆಮ್ ಮಿನಿ ಸಾಕು. ನಾಲ್ಕು ಎಚ್‌ಡಿಎಂಐ, ಎರಡು ಮೈಕ್ ಇನ್‌ಪುಟ್ ಇವೆ. ಆಕ್ಸ್ ಲೈನ್ ಕೊಡುವ ಇನ್‌ಪುಟ್ಟನ್ನು ಮೆನುವಿನಲ್ಲಿ 'ಲೈನ್' ಅಂತ ಬದಲಿಸಿ, 'ಮೈಕ್' ಅಂತಲೇ ಇದ್ದರೆ ಸೌಂಡ್ ಒಡೆಯುತ್ತೆ.

ಗುಡಿಬೀದಿ, ಬೇಲೂರು:

ನನಗೆ ಸ್ವಲ್ಪ ಬೇರೆ ಅನ್ನಿಸುತ್ತೆ. ಈಗಿನ ಹುಡುಗರು ನೋಡಬೇಕು ಅಂದರೆ ಡ್ರೋನ್ ಶಾಟ್, ಒಂದು ಜಿಮ್ಮಿ ಜಿಬ್ (ಕ್ಯಾಮೆರಾ ಎತ್ತಿ ಆಡಿಸುವ ಉದ್ದ ತೋಳು) ಬೇಕು. ನಮ್ಮ ಕಡೆ ಒಂದು ಕಾರ್ಯಕ್ರಮಕ್ಕೆ ತರಿಸಿದ್ದರು. ನೋಡೋಕೆ ಹಬ್ಬದ ಹಾಗಿತ್ತು.

ಕ್ಯಾಮೆರಾ ಕಣ್ಣು, ಕಡೂರು:

ಹಬ್ಬದ ಹಾಗಿರುತ್ತೆ, ಒಪ್ಪಿದೆ ಸರ್. ಆದರೆ ಅವರ 40,000ದಲ್ಲಿ ಜಿಬ್ ಬಂದರೆ ಮೈಕ್‌ಗೆ, ಯುಪಿಎಸ್‌ಗೆ ದುಡ್ಡು ಉಳಿಯೋದಿಲ್ಲ. ಕೂತವರ ತಲೆ ಮೇಲೆ ಜಿಬ್ ಆಡಿದರೆ ಹಿಂದಿನವರಿಗೆ ನಾಟಕವೇ ಕಾಣೋದಿಲ್ಲ. ಜನರ ಮೇಲೆ ಡ್ರೋನ್ ಹಾರಿಸೋದು ನನಗೆ ಸರಿ ಕಾಣೋದಿಲ್ಲ. ಬಿದ್ದರೆ ಒಂದು ಮಗುವಿನ ತಲೆ ಮೇಲೆ ಬೀಳುತ್ತೆ. ನಿಮ್ಮ ಬೇಲೂರು, ಹಳೇಬೀಡಿನ ಗುಡಿಗಳಂತೂ 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಅಲ್ಲಿ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಹಾರಿಸೋ ಹಾಗೇ ಇಲ್ಲ.

ಮಸ್ಕತ್‌ನಿಂದ:

ತಮ್ಮ ಈ ಲಿಂಕ್ ಕಳಿಸಿದ. ಅವನು ಹೇಳಿದ ಅಕ್ಕ ನಾನೇ. ನನಗೆ ಕ್ಯಾಮೆರಾ ವಿಷಯ ಏನೂ ಗೊತ್ತಿಲ್ಲ. ನೋಡುವವಳಾಗಿ ಒಂದೆರಡು ಮಾತು ಹೇಳಲಾ?

ನಾವು ಫೋನಿನಲ್ಲಿ ನೋಡೋದು. ಇಡೀ ಸ್ಟೇಜ್ ತೋರಿಸಿದರೆ ಅಪ್ಪ ಅಕ್ಕಿ ಕಾಳಿನಷ್ಟು ಕಾಣುತ್ತಾರೆ. ಹತ್ತಿರದಿಂದ ತೋರಿಸಿ. ಆದರೆ ಬರೀ ಮುಖ ಬೇಡ. ಅಪ್ಪ ಪದ್ಯ ಹೇಳುವಾಗ ಎಡಗೈಯಲ್ಲಿ ಮೀಸೆ ಮುಟ್ಟಿ, ಬಲಗೈಯಲ್ಲಿ ಗದೆ ತಿರುಗಿಸುತ್ತಾರೆ. ಅದು ಕಾಣದಿದ್ದರೆ ನನಗೆ ಅಪ್ಪನೇ ಅಲ್ಲ ಅನ್ನಿಸುತ್ತೆ. ಸೊಂಟದಿಂದ ಮೇಲೆ ತೋರಿಸಿದರೆ ಸಾಕು.

ಮತ್ತೆ ಅಮ್ಮ ಎಲ್ಲಿ ಕೂತಿರುತ್ತಾರೆ ಅಂತ ತಮ್ಮನಿಗೆ ಗೊತ್ತು. ಒಂದೇ ಒಂದು ಸಲ ಆ ಕಡೆಯೂ ಕ್ಯಾಮೆರಾ ತಿರುಗಿಸೋಕೆ ಹೇಳಿ.

ಹೇಮಾವತಿ ದಡ:

ಸಮಯದ ವಿಷಯ ಯಾರೂ ಎತ್ತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ, 2000ದ ಶಬ್ದ ಮಾಲಿನ್ಯ ನಿಯಮ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಅಂತ ಸರ್ಕಾರ ವರ್ಷದಲ್ಲಿ 15 ದಿನ ಮೀರದ ಹಾಗೆ ಮಧ್ಯರಾತ್ರಿ 12ರವರೆಗೆ ಬಿಡಬಹುದು. ಹಗಲಲ್ಲಿ ಹಾಕೋಕೂ ಬರವಣಿಗೆಯಲ್ಲಿ ಅನುಮತಿ ಬೇಕು. ಈಗಲೇ ಠಾಣೆಗೆ ಅರ್ಜಿ ಕೊಡಿ. ನಾಟಕದ ಮಧ್ಯೆ ನಿಲ್ಲಿಸಿ ಅಂದರೆ ಪಾತ್ರಧಾರಿಗಳ ಮುಖ ನೋಡೋಕಾಗೋದಿಲ್ಲ.

ತೆಂಗಿನತೋಟ, ಅರಸೀಕೆರೆ:

ಒಳ್ಳೇ ಸಮಯಕ್ಕೆ ಹೇಳಿದಿರಿ. ನಿನ್ನೆ ಸಮಿತಿಯಲ್ಲಿ ಕೂತು ಮಾತಾಡಿದೆವು. ಹಿರಿಯರಿಗೆ ಬೆಳಗಿನ ಜಾವದವರೆಗೆ ಆಡಬೇಕು ಅಂತ ಆಸೆ. ಕೊನೆಗೆ ಮಧ್ಯಾಹ್ನ 2:30ಕ್ಕೆ ಶುರು ಮಾಡಿ ರಾತ್ರಿ 10ರ ಒಳಗೆ ಮಂಗಳ ಹಾಡೋದು ಅಂತ ಒಪ್ಪಿದರು. ಈಗ ಹೊಸ ತಲೆನೋವು, ಅರ್ಧ ನಾಟಕ ಬಿಸಿಲಲ್ಲಿ, ಅರ್ಧ ಲೈಟಿನಲ್ಲಿ. ಸ್ಟೇಜ್ ಪಶ್ಚಿಮಕ್ಕೆ ಮುಖ ಮಾಡಿದೆ. ಶಾಮಿಯಾನ ಕೆಂಪು ಹಳದಿ ಪಟ್ಟೆಯದು.

ಫೇಸ್‌ಲೈಟ್, ಚಿಕ್ಕಮಗಳೂರು:

ನಾನು ಕುವೆಂಪು ಕಲಾಮಂದಿರದಲ್ಲಿ ನೃತ್ಯ, ನಾಟಕಗಳಿಗೆ ಲೈಟ್ ಮಾಡುತ್ತಿರುತ್ತೇನೆ. ಬಯಲು ಸ್ಟೇಜ್ ಅದಕ್ಕಿಂತ ಕಷ್ಟ. ಆದರೆ ಆಗದ ಕೆಲಸ ಅಲ್ಲ.

ಮೊದಲು ಶಾಮಿಯಾನ. ಕೆಂಪು ಹಳದಿ ಬಟ್ಟೆ ಕೆಳಗೆ ಹಗಲಲ್ಲಿ ಎಲ್ಲರ ಮುಖವೂ ಕುಂಕುಮ ಬಳಿದ ಹಾಗೆ ಬರುತ್ತೆ. ಕಣ್ಣಿಗೆ ಗೊತ್ತಾಗೋದಿಲ್ಲ, ಕ್ಯಾಮೆರಾ ಹಿಡಿಯುತ್ತೆ. ಸ್ಟೇಜ್ ಮೇಲಿನ ಭಾಗಕ್ಕಾದರೂ ಬಿಳಿ ಬಟ್ಟೆ ಹಾಕಿಸಿ. ಖರ್ಚು ಕಡಿಮೆ, ಲಾಭ ಜಾಸ್ತಿ.

ಪಶ್ಚಿಮಕ್ಕೆ ಮುಖ ಅಂದರೆ ಸಂಜೆ 4ರಿಂದ 6ರವರೆಗೆ ಬಿಸಿಲು ನೇರ ಪಾತ್ರಧಾರಿಗಳ ಕಣ್ಣಿಗೆ. ಕ್ಯಾಮೆರಾಗೆ ಅದು ಒಳ್ಳೇದೇ, ಮುಖ ಚೆನ್ನಾಗಿ ಕಾಣುತ್ತೆ. ಪಾಪ, ಪಾತ್ರಧಾರಿ ಕಣ್ಣು ಕಿರಿದು ಮಾಡಿಕೊಂಡು ಆಡಬೇಕು. ಜನ ಕೂರುವ ಶಾಮಿಯಾನದ ಹಿಂಭಾಗಕ್ಕೆ ಒಂದು ಪರದೆ ಇಳಿಬಿಡಿ, ಬಿಸಿಲು ಮೆತ್ತಗಾಗುತ್ತೆ.

ಕತ್ತಲಾದ ಮೇಲೆ ಸೀನ್ಸ್‌ನವರ ಲೈಟ್ ಹೇಗಿರುತ್ತೆ ಗೊತ್ತಲ್ವಾ? ಮೇಲಿಂದ ಕಡಿದಾಗಿ ಬರುತ್ತೆ. ಕಿರೀಟದ ನೆರಳು ಕಣ್ಣಿನ ಮೇಲೆ ಬಿದ್ದು, ದುರ್ಯೋಧನನಿಗೆ ಕಣ್ಣೇ ಇಲ್ಲದ ಹಾಗೆ ಕಾಣುತ್ತೆ. ಬಿಳಿ ಎಲ್‌ಇಡಿ ಎರಡು ಬಾಡಿಗೆಗೆ ತನ್ನಿ. ಜನರ ಕಡೆಯಿಂದ ಎಡಕ್ಕೊಂದು, ಬಲಕ್ಕೊಂದು, ಕಂಬಕ್ಕೆ ಕಟ್ಟಿ. ತೀರಾ ಎತ್ತರ ಬೇಡ. ಪಾತ್ರಧಾರಿಯ ಮುಖಕ್ಕೆ 30 ಡಿಗ್ರಿ ಕೋನದಲ್ಲಿ ಬಂದರೆ ಕಿರೀಟದ ಅಡಿಗೂ ಬೆಳಕು ಹೋಗುತ್ತೆ. ಹಗಲಿನ ಬಣ್ಣ, ಅಂದರೆ 5600 ಕೆಲ್ವಿನ್ ಇರುವ ಲೈಟೇ ಕೇಳಿ. ಸಂಜೆ 5ಕ್ಕೇ ಹಚ್ಚಿಬಿಡಿ. ಸೂರ್ಯ ಇಳಿದಂತೆ ಲೈಟ್ ತಾನಾಗೇ ಜಾಗ ತುಂಬುತ್ತೆ, ನೋಡುವವರಿಗೆ ಬದಲಾವಣೆ ಗೊತ್ತಾಗೋದಿಲ್ಲ. ಮೂರೂ ಕ್ಯಾಮೆರಾದಲ್ಲಿ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ 5600ಕ್ಕೆ ಬೀಗ ಹಾಕಿ. ಆಟೋ ಬಿಟ್ಟರೆ ದರ್ಬಾರ್ ಸೀನರಿ ಹೋಗಿ ಕಾಡಿನ ಸೀನರಿ ಬಿದ್ದ ಕೂಡಲೇ ಮುಖದ ಬಣ್ಣ ಬದಲಾಗುತ್ತೆ.

ಬಣ್ಣದ ಪಾರ್ ಲೈಟ್ ಬಗ್ಗೆ ಸೀನ್ಸ್‌ನವರ ಹತ್ತಿರ ಪ್ರೀತಿಯಿಂದ ಮಾತಾಡಿ. ಅಚ್ಚ ನೀಲಿ, ಅಚ್ಚ ಕೆಂಪು ಮುಖದ ಮೇಲೆ ಬಿದ್ದರೆ ಕ್ಯಾಮೆರಾದಲ್ಲಿ ಮೂಗು ಬಾಯಿ ಎಲ್ಲ ಒಂದೇ ಮುದ್ದೆ. ಬಣ್ಣ ಸೀನರಿಗೆ ಇರಲಿ, ಮುಖಕ್ಕೆ ಬಿಳಿ ಇರಲಿ. ಎಕ್ಸ್‌ಪೋಷರ್ ಮ್ಯಾನ್ಯುವಲ್. ಜರಿ, ತಗಡು ಹೊಳೆದರೆ ಹೊಳೆಯಲಿ, ಅಳತೆ ಮುಖದ್ದು ಹಿಡಿಯಿರಿ.

ಕಾಫಿಹೂವು, ಮೂಡಿಗೆರೆ:

ನೆಟ್ಟು ಮತ್ತೆ ಕರೆಂಟು ನನಗೆ ಬಿಡಿ. ಮಲೆನಾಡಿನಲ್ಲಿ ಲೈವ್ ಮಾಡಿ ಮಾಡಿ ಇವೆರಡರಲ್ಲಿ ಎಲ್ಲ ಪೆಟ್ಟೂ ತಿಂದಿದ್ದೇನೆ.

ಒಂದು ಶಾಲೆಯ ಬಯಲಿನಲ್ಲಿ ಲೈವ್ ಇತ್ತು. ಮಧ್ಯಾಹ್ನ ಫೋನಿನಲ್ಲಿ ನೋಡಿದಾಗ ಅಪ್‌ಲೋಡ್ 18 ಎಂಬಿಪಿಎಸ್. ಖುಷಿಯಾಗಿ ಊಟಕ್ಕೆ ಹೋದೆ. ಸಂಜೆ ಜನ ಸೇರಿದ ಮೇಲೆ ಅದೇ ಜಾಗದಲ್ಲಿ 2 ಕೂಡ ಇರಲಿಲ್ಲ. ಎಲ್ಲರ ಜೇಬಲ್ಲೂ ಒಂದೊಂದು ಫೋನ್, ಟವರ್ ಒಂದೇ. ಅದಕ್ಕೇ ಜಾತ್ರೆಯ ದಿನವೇ, ಜನ ತುಂಬಿದ ಹೊತ್ತಿನಲ್ಲೇ ಟೆಸ್ಟ್ ಮಾಡಿ. ನಿಮಗೆ ನಾಟಕ ಮಾರನೇ ದಿನ ಇರೋದು ಅನುಕೂಲ.

ಆದಷ್ಟು ಮಟ್ಟಿಗೆ ಸಿಮ್ ಮೇಲೆ ನಿಲ್ಲಬೇಡಿ. ನಿಮ್ಮೂರಿನ ಕೇಬಲ್‌ನವರನ್ನು ಕೇಳಿ. ದೇವಸ್ಥಾನದ ಹತ್ತಿರದ ಯಾವ ಮನೆಗೆ ಫೈಬರ್ ಇದೆ ನೋಡಿ. ಪಂಚಾಯಿತಿ ಕಚೇರಿಗೆ ಭಾರತ್‌ನೆಟ್ ಫೈಬರ್ ಬಂದಿದ್ದರೆ ಪಿಡಿಒ ಹತ್ತಿರ ಮಾತಾಡಿ. ಅಲ್ಲಿಂದ ಲ್ಯಾನ್ ವೈರ್ 100 ಮೀಟರ್‌ವರೆಗೆ ಎಳೆಯಬಹುದು. ದಾರಿ ದಾಟುವ ಕಡೆ ಮೇಲೆ ಕಟ್ಟಿ. ನೆಲದ ಮೇಲೆ ಬಿಟ್ಟರೆ ತೇರಿನ ಗಾಡಿ, ಟ್ರ್ಯಾಕ್ಟರ್ ಯಾವುದಾದರೂ ಹತ್ತೇ ಹತ್ತುತ್ತೆ. ಎರಡು ಬೇರೆ ಕಂಪನಿಯ ಸಿಮ್ ಡಾಂಗಲ್ ಪಕ್ಕದಲ್ಲಿರಲಿ.

1080ರ ಆಸೆ ಬಿಡಿ, ಫೋನಲ್ಲಿ ನೋಡುವವರಿಗೆ 720 ಸಾಕು. 4 ಎಂಬಿಪಿಎಸ್ ಇಡಿ, ಕೀಫ್ರೇಮ್ (ಪೂರ್ತಿ ಚಿತ್ರ ಕಳಿಸುವ ಅಂತರ) 2 ಸೆಕೆಂಡು. ಟೆಸ್ಟ್‌ನಲ್ಲಿ ಕನಿಷ್ಠ ಅದರ ಎರಡರಷ್ಟು ಬರಬೇಕು. ಗಂಟೆಗೆ 1.8 ಜಿಬಿ ಆಯಿತು, ಏಳೂವರೆ ಗಂಟೆಗೆ 13.5 ಜಿಬಿ. ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಕೊಂಡು ಕೂತರೆ ಎರಡನೇ ಗಂಟೆಯಲ್ಲೇ ನಿಲ್ಲುತ್ತೆ.

ಯೂಟ್ಯೂಬ್ ಚಾನೆಲ್ ಹೊಸದಾದರೆ ಲೈವ್ ಆನ್ ಆಗೋಕೆ 24 ಗಂಟೆ ಹಿಡಿಯಬಹುದು, ಒಂದು ವಾರ ಮೊದಲೇ ಮಾಡಿಟ್ಟುಕೊಳ್ಳಿ. ವಿರಾಮದಲ್ಲಿ ಸೌಂಡ್‌ನವರು ಸಿನಿಮಾ ಹಾಡು ಹಾಕಿದರೆ ಕಾಪಿರೈಟ್ ಅಂತ ಲೈವ್ ನಿಂತೇ ಹೋಗಬಹುದು. ಆಗ ಸೌಂಡ್ ಮ್ಯೂಟ್ ಮಾಡಿ, ಪಾತ್ರಧಾರಿಗಳ ಹೆಸರಿನ ಕಾರ್ಡ್ ತೋರಿಸಿ. ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡಿಂಗ್ ಬೇರೆ ಆಗುತ್ತಿರಲಿ.

ಕರೆಂಟ್: ಸ್ವಿಚರ್, ಲ್ಯಾಪ್‌ಟಾಪ್, ರೂಟರ್ ಮೂರಕ್ಕೂ ಒಂದು ಯುಪಿಎಸ್. ಕ್ಯಾಮೆರಾ ಬ್ಯಾಟರಿ ಮೇಲೆ ಓಡಲಿ, ಬದಲಿ ಬ್ಯಾಟರಿ ಚಾರ್ಜ್ ಆಗುತ್ತಿರಲಿ. ಸೀರಿಯಲ್ ಸೆಟ್, ಫೋಕಸ್ ಲೈಟ್ ಇರುವ ಬೋರ್ಡ್‌ಗೆ ನಿಮ್ಮ ಪ್ಲಗ್ ಚುಚ್ಚಬೇಡಿ. 1000 ವಾಟ್‌ನ ಎರಡು ಹ್ಯಾಲೋಜನ್ ಹಚ್ಚಿದರೇ 8.7 ಆಂಪಿಯರ್ ಎಳೆಯುತ್ತೆ.

ತೆಂಗಿನತೋಟ, ಅರಸೀಕೆರೆ:

ಪ್ರಾಕ್ಟೀಸ್ ಮನೆಯಲ್ಲಿ ನಿನ್ನೆ ಪೂರ್ತಿ ಸೆಟಪ್ ಹಾಕಿ ನೋಡಿದೆವು. ಎರಡು ತೊಂದರೆ. ಒಂದು, ಚಪ್ಪಾಳೆ ಸದ್ದು ಮೊದಲು ಬಂದು ಕೈ ಆಮೇಲೆ ಕೂಡುತ್ತೆ. ಎರಡು, ಒಂದೇ ಸಮ ಹೂಂ ಅನ್ನೋ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರೆ ನಿಲ್ಲುತ್ತೆ, ಹಾಕಿದರೆ ಮತ್ತೆ ಶುರು.

ಮಿಕ್ಸರ್ ಮುಂದೆ, ಹಾಸನ:

ಚಾರ್ಜರ್ ಕಿತ್ತು ನೋಡಿದ್ದು ಒಳ್ಳೇದಾಯಿತು, ರೋಗ ಸಿಕ್ಕಿತು. ಅದು ಅರ್ತಿಂಗ್ ಸುತ್ತು. ನಿಮ್ಮದೂ ಮಿಕ್ಸರ್‌ದೂ ಅರ್ತ್ ಎರಡು ದಾರಿಯಲ್ಲಿ ಕೂಡಿದೆ. ಆಕ್ಸ್ ಲೈನ್ ಮಧ್ಯೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಹಾಕಿ, ಹೋಗುತ್ತೆ. ಯಾರಾದರೂ ಪ್ಲಗ್ಗಿನ ಅರ್ತ್ ಪಿನ್ ಮುರಿಯಿರಿ ಅಂದರೆ ಕೇಳಲೇಬೇಡಿ. ಒದ್ದೆ ನೆಲದಲ್ಲಿ ಮೈಕ್ ಹಿಡಿದವನಿಗೆ ಶಾಕ್ ಹೊಡೆಯುತ್ತೆ.

ಚಪ್ಪಾಳೆ ವಿಷಯ ಸುಲಭ. ಸೌಂಡ್ ವೈರಿನಲ್ಲಿ ಕೂಡಲೇ ಬರುತ್ತೆ, ಚಿತ್ರ ಕ್ಯಾಮೆರಾ, ಸ್ವಿಚರ್ ದಾಟಿ ತಡವಾಗಿ ಬರುತ್ತೆ. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡು. ಸ್ವಿಚರ್‌ನಲ್ಲಿ ಆಡಿಯೋ ಡಿಲೇ 2 ಇಟ್ಟು ನೋಡಿ, ಸಾಲದಿದ್ದರೆ 3. ಬಾಯಿ ನೋಡಬೇಡಿ, ತಾಳ ಹಾಕಿಸಿ ನೋಡಿ, ಬೇಗ ಗೊತ್ತಾಗುತ್ತೆ.

ತೆಂಗಿನತೋಟ, ಅರಸೀಕೆರೆ:

ನಾಟಕ ಮುಗಿದು ಎರಡು ದಿನ ಆಯಿತು. ಇವತ್ತು ನಿದ್ದೆ ಮಾಡಿ ಎದ್ದು ಬರೆಯುತ್ತಿದ್ದೇನೆ.

ಡಿಲೇ 3 ಫ್ರೇಮ್‌ಗೆ ಕೂತಿತು. ಐಸೊಲೇಟರ್ ಹಾಕಿದ ಮೇಲೆ ಹೂಂ ಸದ್ದು ಪೂರ್ತಿ ಹೋಯಿತು. ಫೈಬರ್ ಕೇಬಲ್‌ನವರ ಮನೆಯಿಂದಲೇ ಸಿಕ್ಕಿತು, 70 ಮೀಟರ್ ವೈರ್. ಬಿಳಿ ಬಟ್ಟೆಯಿಂದ ಮುಖ ಎಷ್ಟು ಚೆನ್ನಾಗಿ ಬಂತು ಅಂದರೆ, ಬಣ್ಣದ ಮೇಕಪ್ ಮಾಡುವವರೇ ಬಂದು ಪರದೆ ಮೇಲೆ ನೋಡಿ ಹೋದರು. ತಪ್ಪೂ ಆಯಿತು. ಮೊದಲ ಒಂದು ಗಂಟೆ ತಬಲ ಜಾಸ್ತಿ, ಹಾರ್ಮೋನಿಯಂ ಕಡಿಮೆ. ಪುಣೆಯಿಂದ ಒಬ್ಬರು ಮೆಸೇಜ್ ಹಾಕಿದ ಮೇಲೆ ಸರಿ ಮಾಡಿದೆ. ಹೆಡ್‌ಫೋನ್ ಹಾಕಿಕೊಂಡು ಲೈವ್ ಕೇಳೋಕೆ ಅಂತಲೇ ಒಬ್ಬರನ್ನು ಕೂರಿಸಬೇಕಿತ್ತು.

ರಾತ್ರಿ 8:20ಕ್ಕೆ ಕರೆಂಟ್ ಹೋಯಿತು. ಚಿಕ್ಕಪ್ಪ ಪದ್ಯದ ಮಧ್ಯೆ ಇದ್ದರು. ಲೈಟು, ಬಾಕ್ಸು, ಸೀನ್ಸ್‌ನವರ ಮಿಕ್ಸರ್ ಎಲ್ಲ ಒಂದೇ ಸಲ ಸತ್ತವು. ಜನರೇಟರ್ ಹಚ್ಚೋಕೆ ಎರಡು ನಿಮಿಷ ಬೇಕಾಯಿತು. ಚಿಕ್ಕಪ್ಪ ನಿಲ್ಲಿಸಲಿಲ್ಲ. ಹಾರ್ಮೋನಿಯಂ ಮೇಷ್ಟ್ರೂ ಕೈ ತೆಗೆಯಲಿಲ್ಲ. ಮುಂದೆ ಕೂತ ಹುಡುಗರು ಫೋನಿನ ಟಾರ್ಚ್ ಎತ್ತಿ ಹಿಡಿದರು. ಆ ಬೆಳಕಿನಲ್ಲಿ ಕಿರೀಟದ ತಗಡು ಮಾತ್ರ ಅಲ್ಲಲ್ಲಿ ಮಿಂಚುತ್ತಿತ್ತು. ಇಡೀ ಬಯಲು ಉಸಿರು ಹಿಡಿದು ಕೂತಿತ್ತು. ನಾನು ಸ್ವಿಚರ್ ನೋಡಿದೆ. ಯುಪಿಎಸ್ ಮೇಲೆ ಉರೀತಾ ಇದೆ. ಆಕ್ಸ್ ಮೀಟರ್ ಸೊನ್ನೆ. ಎರಡನೇ ಮೀಟರ್, ಜನರ ಮೈಕಿಂದು, ಸಣ್ಣಗೆ ಆಡುತ್ತಿದೆ. ಆ ಫೇಡರ್ ಪೂರ್ತಿ ಮೇಲೆ ತಳ್ಳಿದೆ. ಬಾಕ್ಸ್ ಇಲ್ಲದೆ, ಬರೀ ಗಂಟಲಿನ ದನಿ ಹೋಯಿತು. ಪದ್ಯ ಮುಗಿದಾಗ "ಒನ್ಸ್ ಮೋರ್" ಅಂತ ಎದ್ದ ಕೂಗು ಜನರೇಟರ್ ಸದ್ದನ್ನೂ ಮುಚ್ಚಿತು. ಚಿಕ್ಕಪ್ಪ ಲೈಟಿನಲ್ಲಿ ಮತ್ತೆ ಹಾಡಿದರು.

ಹಾಸನದ ಅಣ್ಣ, ಆ ಮೈಕ್ ಬಾಡಿಗೆ ಬರೀ 300 ರೂಪಾಯಿ.

ಮಸ್ಕತ್‌ನಿಂದ:

ಕತ್ತಲಾದಾಗ ಲೈವ್ ಹೋಯಿತು ಅಂದುಕೊಂಡೆ. ಫೋನ್ ಕೆಳಗಿಡಲಿಲ್ಲ. ಆಮೇಲೆ ಅಪ್ಪನ ದನಿ ಬಂತು. ಚಿಕ್ಕವಳಿದ್ದಾಗ ಅಪ್ಪ ತೋಟದಲ್ಲಿ ನೀರು ಕಟ್ಟುತ್ತಾ ಒಬ್ಬರೇ ಪದ್ಯ ಹೇಳಿಕೊಳ್ಳುತ್ತಿದ್ದರು. ಹಾಗೇ ಇತ್ತು. ಅಮ್ಮನನ್ನೂ ತೋರಿಸಿದಿರಿ. ಎಲ್ಲರಿಗೂ ನಮಸ್ಕಾರ.

ಕಪ್ಪುಬಿಳಿ ಮನೆ, ಹೊಳೆನರಸೀಪುರ ಕಡೆ:

ರೆಕಾರ್ಡಿಂಗ್ ನೋಡಿದೆ. ಕತ್ತಲಲ್ಲಿ ನಿಮ್ಮ ಮೇಷ್ಟ್ರು ಶ್ರುತಿ ಬಿಡಲಿಲ್ಲವಲ್ಲ, ಅವರಿಗೆ ನನ್ನ ನಮಸ್ಕಾರ ತಿಳಿಸಿ. ಪಾತ್ರಧಾರಿಗಳಿಗೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಡಿ, ಬರೀ ಲಿಂಕ್ ಕೊಡಬೇಡಿ. ಹಳಬರಿಗೆ ಲಿಂಕ್ ಹುಡುಕೋಕೆ ಬರೋದಿಲ್ಲ.

ಕ್ಯಾಮೆರಾ ಕಣ್ಣು, ಕಡೂರು:

ಬರುವ ಭಾನುವಾರ ಬೀರೂರು ಕಡೆ ನಮ್ಮದೊಂದು ನಾಟಕ ಇದೆ. ಆ ಐಸೊಲೇಟರ್ ಎಲ್ಲಿ ಸಿಕ್ಕಿತು ಅಣ್ಣ? ನಿಮ್ಮದೇ ಇದ್ದರೆ ಶನಿವಾರ ಬಂದು ತೆಗೆದುಕೊಂಡು ಹೋಗುತ್ತೇನೆ.

ತೆಂಗಿನತೋಟ, ಅರಸೀಕೆರೆ:

ನಮ್ಮದೇ, ಖರೀದಿ ಮಾಡಿದ್ದು. ಬನ್ನಿ. ಮೈಕಿನ ಸ್ಟ್ಯಾಂಡೂ ಇದೆ, ಅದನ್ನೂ ಒಯ್ಯಿರಿ. ಊಟದ ಹೊತ್ತಿಗೆ ಬನ್ನಿ, ಚಿಕ್ಕಪ್ಪ ಮನೆಯಲ್ಲೇ ಇರುತ್ತಾರೆ.